ಹಾಡಿನ ಅಂಕಿತ ಮತ್ತು ಮೆಟಾಡೇಟಾ: ಗೋಕಾಕ, ಮೂಡಲಗಿ, ಹುಕ್ಕೇರಿ ಪರಿಸರವನ್ನು ಅನುಲಕ್ಷಿಸಿ

1. ಪೀಠಿಕೆ

ಧ್ವನಿಮುದ್ರಿತವಾದ ಹಾಡೊಂದನ್ನು ಗುರುತಿಸಲು, ಹುಡುಕಲು ಹಾಗೂ ಅದರ ಹಕ್ಕುದಾರರನ್ನು ನಿರ್ಧರಿಸಲು ಬೇಕಾಗುವ ವಿವರಗಳ ಸಮೂಹಕ್ಕೆ ಮೆಟಾಡೇಟಾ ಎಂದು ಹೆಸರು. ಹಾಡಿನ ಶೀರ್ಷಿಕೆ, ಪದ ಕಟ್ಟಿದವರು, ಧಾಟಿ ಕೂಡಿಸಿದವರು, ಹಾಡಿದವರು, ವಾದ್ಯ ನುಡಿಸಿದವರು, ಧ್ವನಿಮುದ್ರಿಸಿದ ಸಂಸ್ಥೆ, ವರ್ಷ, ಭಾಷೆ, ಪ್ರಕಾರ ಇವೆಲ್ಲವೂ ಅದರಲ್ಲಿ ಅಡಕವಾಗಿರುತ್ತವೆ. ಇದು ಗಣಕತಂತ್ರಕ್ಕೆ ಅಥವಾ ಸಂಗೀತೋದ್ಯಮಕ್ಕೆ ಸೇರಿದ ವಿಷಯವೆಂದೂ ಕನ್ನಡ ಅಧ್ಯಯನಕ್ಕೆ ಇದರಿಂದ ಆಗಬೇಕಾದುದೇನೂ ಇಲ್ಲವೆಂದೂ ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಆದರೆ ಕರ್ತೃ ಯಾರು, ಕಾಲ ಯಾವುದು, ಪಾಠ ಯಾವುದು ಎಂಬ ಗ್ರಂಥಸಂಪಾದನೆಯ ಮೂಲಭೂತ ಪ್ರಶ್ನೆಗಳನ್ನೇ ಮೆಟಾಡೇಟಾ ಕೂಡ ಕೇಳುತ್ತದೆ. ವ್ಯತ್ಯಾಸವೆಂದರೆ, ಇಲ್ಲಿ ಉತ್ತರ ತಪ್ಪಿದರೆ ಬದುಕಿರುವ ಕವಿಯೊಬ್ಬನ ಹೆಸರೂ ಸಂಭಾವನೆಯೂ ಒಟ್ಟಿಗೇ ಕೈತಪ್ಪುತ್ತವೆ.

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳು ಹಾಡಿನ ಸಂಪತ್ತಿಗೆ ಹೆಸರಾದ ನೆಲ. ಶ್ರೀಕೃಷ್ಣ ಪಾರಿಜಾತ, ಗೀಗೀ ಪದ, ಹರದೇಶಿ-ನಾಗೇಶಿ, ಡೊಳ್ಳಿನ ಪದ, ಭಜನೆ ಪದ ಮೊದಲಾದವು ಇಲ್ಲಿ ಇಂದಿಗೂ ಬಳಕೆಯಲ್ಲಿವೆ. ಈ ಪರಿಸರಕ್ಕೆ ಸೇರಿದ ಕೆಲವು ನಿದರ್ಶನಗಳ ಮೂಲಕ ಮೆಟಾಡೇಟಾದ ಸ್ವರೂಪವನ್ನೂ ರಚನಕಾರರಿಗೆ ಅದರಿಂದಾಗುವ ಪ್ರಯೋಜನವನ್ನೂ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ. ‘ಜಾನಪದ’ ಎಂಬುದು ಒಂದು ಪ್ರಕಾರದ ಹೆಸರು; ಅದನ್ನು ಕರ್ತೃವಿನ ಸ್ಥಾನದಲ್ಲಿ ಬರೆಯುವ ರೂಢಿಯಿಂದ ಈ ಭಾಗದ ರಚನಕಾರರಿಗೆ ಹಾನಿಯಾಗಿದೆ ಎಂಬುದು ಇಲ್ಲಿನ ಮುಖ್ಯ ಪ್ರತಿಪಾದನೆ.

2. ಹಾಡಿನೊಳಗೇ ಇದ್ದ ಗುರುತು

ರಚನೆಯ ಜೊತೆಗೆ ರಚಿಸಿದವನ ಗುರುತನ್ನು ಕಳುಹಿಸಿಕೊಡುವ ಪದ್ಧತಿ ಕನ್ನಡಕ್ಕೆ ಹೊಸದಲ್ಲ. ನಮ್ಮ ಅನೇಕ ಶಾಸನಗಳಲ್ಲಿ ಪದ್ಯ ರಚಿಸಿದ ಕವಿ, ಬರೆದ ಲಿಪಿಕಾರ, ಕಂಡರಿಸಿದ ರೂವಾರಿ ಇವರು ಬೇರೆ ಬೇರೆಯಾಗಿ ಉಕ್ತರಾಗಿದ್ದಾರೆ. ಚಂಪೂಕಾವ್ಯಗಳ ಆಶ್ವಾಸಾಂತ್ಯ ಗದ್ಯ ಕವಿಯ ಹೆಸರನ್ನೂ ಕೃತಿಯ ಹೆಸರನ್ನೂ ಪ್ರತಿಯೊಂದು ಆಶ್ವಾಸದ ಕೊನೆಯಲ್ಲಿ ಸಾರುತ್ತದೆ. ಓಲೆಗರಿಯ ಕೊನೆಯಲ್ಲಿ ಪ್ರತಿಕಾರ ತನ್ನ ಊರು, ತಿಥಿ, ಸಂವತ್ಸರಗಳನ್ನು ನಮೂದಿಸುತ್ತಾನೆ. ವಚನ ಮತ್ತು ಕೀರ್ತನೆಗಳಲ್ಲಿ ಅಂಕಿತವಿದೆ. ಇವೆಲ್ಲವೂ ರಚನೆಯ ದೇಹದಲ್ಲಿಯೇ ಸೇರಿಕೊಂಡ ವಿವರಗಳು.

ಗೀಗೀ ಪದ ಹಾಗೂ ಡೊಳ್ಳಿನ ಪದಗಳಲ್ಲಿ ಈ ಪದ್ಧತಿ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಪದದ ಕೊನೆಯ ನುಡಿಯಲ್ಲಿ ಊರಿನ ಹೆಸರು, ಊರ ದೇವರ ಹೆಸರು, ಗುರುವಿನ ಹೆಸರು, ಪದ ಕಟ್ಟಿದವನ ಹೆಸರು, ಕೆಲವೊಮ್ಮೆ ಹಾಡುವವನ ಹೆಸರು ಕೂಡ ಬರುತ್ತವೆ. ಹರದೇಶಿ-ನಾಗೇಶಿಯಂಥ ಸವಾಲು-ಜವಾಬಿನ ಹಾಡಿಕೆಯಲ್ಲಿ ಈ ನುಡಿಗೆ ವಿಶೇಷ ಮಹತ್ವವಿದೆ. ತಾನು ಯಾವ ಊರಿನ ಮೇಳ, ಯಾರ ಶಿಷ್ಯ, ಯಾರ ಪದವನ್ನು ಹಾಡುತ್ತಿದ್ದೇನೆ ಎಂಬುದನ್ನು ಸಭೆಯ ಮುಂದೆ ಒಪ್ಪಿಸುವ ಕ್ರಮ ಇದಾಗಿದೆ.

ಆರಂಭಕಾಲದ ಗ್ರಾಮಾಫೋನ್ ಮುದ್ರಿಕೆಗಳಲ್ಲಿಯೂ ಇಂಥದೇ ಒಂದು ಪದ್ಧತಿ ಇತ್ತು ಎಂಬುದು ಗಮನಾರ್ಹ. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಫ್ರೆಡ್ ಗೈಸ್‌ಬರ್ಗ್ ಧ್ವನಿಮುದ್ರಿಸಿದ ಗೌಹರ್ ಜಾನ್ ಅವರು ಹಾಡಿನ ಕೊನೆಯಲ್ಲಿ ತಮ್ಮ ಹೆಸರನ್ನು ತಾವೇ ಹೇಳುತ್ತಿದ್ದರು. ಮುದ್ರಿಕೆಗಳು ಜರ್ಮನಿಯ ಹ್ಯಾನೋವರಿನಲ್ಲಿ ಅಚ್ಚಾಗುತ್ತಿದ್ದವು. ಹಾಡಿನ ಭಾಷೆಯನ್ನರಿಯದ ಅಲ್ಲಿನ ಕೆಲಸಗಾರರಿಗೆ ಯಾವ ತಟ್ಟೆ ಯಾರದೆಂದು ತಿಳಿಯಲು ಅದೇ ಆಧಾರವಾಗಿತ್ತು.

ಆದರೆ ಹಾಡಿನೊಳಗಿನ ಗುರುತಿಗೆ ಮೂರು ಮಿತಿಗಳಿವೆ. ಒಂದು, ಅಂಕಿತ ಬಹುಮಟ್ಟಿಗೆ ದೈವದ ಹೆಸರು. ಅದರಿಂದ ಕರ್ತೃವನ್ನು ತಲುಪಲು ಪರಂಪರೆಯ ಅರಿವು ಬೇಕು. ಎರಡು, ಒಂದೇ ಊರ ದೇವರ ಅಂಕಿತದಲ್ಲಿ ಹಲವರು ಪದ ಕಟ್ಟಿರುವುದು ಸಾಧ್ಯ. ಮೂರು, ಕೊನೆಯ ನುಡಿಯನ್ನು ಬಿಟ್ಟು ಹಾಡಿದರೆ ಗುರುತೇ ಇಲ್ಲವಾಗುತ್ತದೆ. ಒಂದು ಬದಿಗೆ ಸುಮಾರು 3 ನಿಮಿಷ ಮಾತ್ರ ಹಿಡಿಸುತ್ತಿದ್ದ 10 ಅಂಗುಲದ ಮುದ್ರಿಕೆಯಿಂದ ಮೊದಲ್ಗೊಂಡು ಇಂದಿನ ಮೊಬೈಲ್ ತುಣುಕಿನವರೆಗೆ, ಕಾಲದ ಮಿತಿ ಬಂದಾಗ ಮೊದಲು ಕತ್ತರಿಗೆ ಸಿಕ್ಕುವುದು ಹಾಡಿನ ಬಾಲವೇ. ಕವಿಯ ಹೆಸರು ಇರುವುದೂ ಅಲ್ಲಿಯೇ.

3. ಕಡತದ ಹೊರಮೈಯ ಗುರುತು

ಗಣಕಯುಗದಲ್ಲಿ ಗುರುತು ಹಾಡಿನಿಂದ ಹೊರಗೆ ಬಂದಿದೆ. ಎಂಪಿ3 ಕಡತಗಳಿಗಾಗಿ 1996ರಲ್ಲಿ ರೂಪುಗೊಂಡ ಐಡಿ3 ಎಂಬ ವ್ಯವಸ್ಥೆಯ ಮೊದಲ ರೂಪದಲ್ಲಿ ಕಡತದ ಕೊನೆಯ 128 ಬೈಟುಗಳನ್ನು ವಿವರಗಳಿಗೆ ಮೀಸಲಿಡಲಾಯಿತು. ಶೀರ್ಷಿಕೆಗೆ 30, ಕಲಾವಿದರಿಗೆ 30, ಸಂಪುಟದ ಹೆಸರಿಗೆ 30, ವರ್ಷಕ್ಕೆ 4, ಟಿಪ್ಪಣಿಗೆ 30, ಪ್ರಕಾರಕ್ಕೆ 1, ಆರಂಭಸೂಚಕಕ್ಕೆ 3 ಎಂಬುದು ಅದರ ಹಂಚಿಕೆ. ಪದ ರಚಿಸಿದವರಿಗೆ ಅಥವಾ ರಾಗ ಸಂಯೋಜಿಸಿದವರಿಗೆ ಅಲ್ಲಿ ಸ್ಥಾನವಿರಲಿಲ್ಲ. ಪ್ರಕಾರಗಳ ಮೂಲ ಪಟ್ಟಿಯಲ್ಲಿದ್ದ 80 ಹೆಸರುಗಳಲ್ಲಿ ‘ಫೋಕ್’ ಎಂಬುದೂ ಇರಲಿಲ್ಲ. ಅದು ನಂತರ ಸೇರ್ಪಡೆಯಾಯಿತು.

ಕನ್ನಡ ಲಿಪಿಯ ದೃಷ್ಟಿಯಿಂದ ಈ ಚೌಕಟ್ಟನ್ನು ಪರಿಶೀಲಿಸಬಹುದು. ಯುನಿಕೋಡಿನ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ 3 ಬೈಟುಗಳು ಬೇಕು. ‘ಶ್ರೀಕೃಷ್ಣ ಪಾರಿಜಾತ’ ಎಂಬ ಹೆಸರಿನಲ್ಲಿ ವ್ಯಂಜನ, ಸ್ವರಚಿಹ್ನೆ, ಹಲಂತಗಳೆಲ್ಲ ಸೇರಿ 16 ಸಂಕೇತಗಳೂ ಒಂದು ತೆರಪೂ ಇವೆ. ಒಟ್ಟು 49 ಬೈಟುಗಳಾದವು. ಅಂದರೆ ಈ ನಾಡಿನ ಪ್ರಸಿದ್ಧ ಆಟದ ಹೆಸರು 30 ಬೈಟುಗಳ ಆ ಪೆಟ್ಟಿಗೆಯಲ್ಲಿ ಹಿಡಿಸುವುದೇ ಇಲ್ಲ. ಐಡಿ3ಯ ಎರಡನೆಯ ರೂಪದಲ್ಲಿ ಯುನಿಕೋಡಿಗೆ ಅವಕಾಶ ದೊರೆತು, ಗೀತರಚನಕಾರ ಮತ್ತು ಸಂಗೀತ ಸಂಯೋಜಕ ಇವರಿಗೆ ಪ್ರತ್ಯೇಕ ಸ್ಥಾನಗಳೂ ಏರ್ಪಟ್ಟವು. ಆದರೆ ಕ್ಯಾಸೆಟ್ಟಿನ ಹಾಡುಗಳನ್ನು ಎಂಪಿ3ಗೆ ಇಳಿಸಿದವರು ಆ ಸ್ಥಾನಗಳನ್ನು ತುಂಬಿದ್ದು ವಿರಳ. ಕ್ಯಾಸೆಟ್ಟಿನ ಹೊದಿಕೆಯ ಕಾಗದದಲ್ಲಿದ್ದ ಹೆಸರುಗಳು ಅಲ್ಲಿಯೇ ಉಳಿದು, ಹಾಡುಗಳು ಮಾತ್ರ ‘ಟ್ರ್ಯಾಕ್ 1, ಟ್ರ್ಯಾಕ್ 2’ ಎಂಬ ಹೆಸರಿನಲ್ಲಿ ಮುಂದೆ ಸಾಗಿದವು.

ಲಿಪ್ಯಂತರದ ತೊಡಕೂ ಇದಕ್ಕೆ ಸೇರಿಕೊಳ್ಳುತ್ತದೆ. ‘ಕೌಜಲಗಿ’ ಎಂಬ ಊರ ಹೆಸರಿನ ಔಕಾರವನ್ನು ರೋಮನ್ ಲಿಪಿಯಲ್ಲಿ ಎರಡು ಮೂರು ಬಗೆಯಲ್ಲಿ ಬರೆಯುವುದುಂಟು. ನಡುವಿನ ಲಕಾರದ ಅಕಾರವನ್ನು ಕೆಲವರು ಉಳಿಸುತ್ತಾರೆ, ಕೆಲವರು ಬಿಡುತ್ತಾರೆ. ಓದುವವರಿಗೆ ಇವೆಲ್ಲ ಒಂದೇ ಊರು. ಯಂತ್ರಕ್ಕೆ ಅವು ಬೇರೆ ಬೇರೆ ಹೆಸರುಗಳು. ಒಬ್ಬ ಕಲಾವಿದೆಯ ಹಾಡುಗಳು ನಾಲ್ಕು ಹೆಸರುಗಳಡಿಯಲ್ಲಿ ಹಂಚಿಹೋಗಲು ಇಷ್ಟೇ ಸಾಕು.

4. ಕೃತಿ ಮತ್ತು ಧ್ವನಿಮುದ್ರಣ

ಮೆಟಾಡೇಟಾವನ್ನು ಅರಿಯಲು ಅವಶ್ಯವಾದ ಒಂದು ಭೇದವನ್ನು ಇಲ್ಲಿ ವಿವರಿಸಬೇಕು. ಪದ ಮತ್ತು ಧಾಟಿ ಸೇರಿದ ರಚನೆ ‘ಕೃತಿ’. ಅದನ್ನು ಒಬ್ಬರು ಒಂದು ದಿನ ಹಾಡಿ ಮುದ್ರಿಸಿಕೊಂಡದ್ದು ‘ಧ್ವನಿಮುದ್ರಣ’. ಒಂದು ಕಾವ್ಯಕ್ಕೆ ಹತ್ತು ಹಸ್ತಪ್ರತಿಗಳಿರುವಂತೆ ಒಂದು ಕೃತಿಗೆ ಹತ್ತು ಧ್ವನಿಮುದ್ರಣಗಳಿರಬಹುದು. ಹಸ್ತಪ್ರತಿಯ ಲಿಪಿಕಾರನನ್ನು ಕವಿಯೆಂದು ತಿಳಿಯುವ ತಪ್ಪನ್ನು ಯಾವ ಸಂಪಾದಕನೂ ಮಾಡುವುದಿಲ್ಲ. ಆದರೆ ಹಾಡಿನ ವಿಷಯದಲ್ಲಿ ಗಾಯಕನನ್ನೇ ಕರ್ತೃವೆಂದು ನಮೂದಿಸುವ ತಪ್ಪು ದಿನನಿತ್ಯ ನಡೆಯುತ್ತಿದೆ.

ಅಂತರರಾಷ್ಟ್ರೀಯ ಮಾನಕಗಳು ಈ ಭೇದವನ್ನು ಎರಡು ಬಗೆಯ ಸಂಖ್ಯೆಗಳ ಮೂಲಕ ಕಾಯ್ದುಕೊಂಡಿವೆ. ಧ್ವನಿಮುದ್ರಣಕ್ಕೆ ಐಎಸ್‌ಆರ್‌ಸಿ ಎಂಬ 12 ಅಂಕಾಕ್ಷರಗಳ ಸಂಕೇತವಿದೆ. ಅದರ ಮೊದಲ 5 ಅಂಕಾಕ್ಷರಗಳು ಸಂಕೇತ ಪಡೆದವರನ್ನು, ಮುಂದಿನ 2 ಸಂಕೇತ ನೀಡಿದ ವರ್ಷವನ್ನು, ಕೊನೆಯ 5 ಕ್ರಮಸಂಖ್ಯೆಯನ್ನು ಸೂಚಿಸುತ್ತವೆ. ಅಲ್ಲಿರುವ ವರ್ಷ ಹಾಡು ಹುಟ್ಟಿದ ವರ್ಷವಲ್ಲ ಎಂಬುದನ್ನು ಸಂಶೋಧಕರು ನೆನಪಿಡಬೇಕು. ಕೃತಿಗೆ ಐಎಸ್‌ಡಬ್ಲ್ಯುಸಿ ಎಂಬ ಬೇರೊಂದು ಸಂಖ್ಯೆಯಿದೆ. ವ್ಯಕ್ತಿಗಳನ್ನು ಗುರುತಿಸಲು ಐಎಸ್‌ಎನ್‌ಐ ಎಂಬ 16 ಅಂಕಗಳ ಸಂಖ್ಯೆ ಬಳಕೆಯಲ್ಲಿದೆ. ಧ್ವನಿಮುದ್ರಣದ ಸಂಕೇತ ಮಾತ್ರ ಇದ್ದು ಕೃತಿಯ ದಾಖಲೆ ಇಲ್ಲದಿದ್ದರೆ, ಹಾಡು ಎಷ್ಟು ಸಲ ಕೇಳಿಬಂದರೂ ಪದ ಕಟ್ಟಿದವನಿಗೆ ಲೆಕ್ಕ ಸೇರುವ ದಾರಿ ಇರುವುದಿಲ್ಲ.

5. ಮೂರು ನಿದರ್ಶನಗಳು

ಈ ಭೇದಗಳು ನಮ್ಮ ನೆಲದಲ್ಲಿ ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ಮೂರು ತಾಲ್ಲೂಕುಗಳಿಗೆ ಸಂಬಂಧಿಸಿದ ಮೂರು ನಿದರ್ಶನಗಳಿಂದ ತಿಳಿಯಬಹುದು.

(ಅ) ಕುಲಗೋಡ ತಮ್ಮಣ್ಣ: ಶ್ರೀಕೃಷ್ಣ ಪಾರಿಜಾತದ ಇತಿಹಾಸದಲ್ಲಿ ಇಬ್ಬರು ತಮ್ಮಣ್ಣರಿದ್ದಾರೆ. ಮೂಲ ರಚನೆಯನ್ನು ಅಪರಾಳ ತಮ್ಮಣ್ಣನಿಗೂ ಅದನ್ನು ಪರಿಷ್ಕರಿಸಿ ಆಟವಾಗಿ ಬೆಳೆಸಿದ ಶ್ರೇಯಸ್ಸನ್ನು ಕುಲಗೋಡ ತಮ್ಮಣ್ಣನಿಗೂ ವಿದ್ವಾಂಸರು ಸಲ್ಲಿಸುತ್ತಾರೆ. ಇವರಿಬ್ಬರನ್ನು ಪ್ರತ್ಯೇಕಿಸುವುದು ಊರಿನ ಹೆಸರು ಮಾತ್ರ. ದಾಖಲೆಯಲ್ಲಿ ‘ತಮ್ಮಣ್ಣ’ ಎಂದಷ್ಟೇ ಬರೆದರೆ ಇಬ್ಬರು ಒಬ್ಬರಾಗುತ್ತಾರೆ. ‘ಜಾನಪದ’ ಎಂದು ಬರೆದರೆ ಇಬ್ಬರೂ ಇಲ್ಲವಾಗುತ್ತಾರೆ. ಅವಿಭಜಿತ ಗೋಕಾಕ ತಾಲ್ಲೂಕಿನ ಕೌಜಲಗಿ ನಿಂಗಮ್ಮ ಪಾರಿಜಾತದ ಹೆಸರಾಂತ ಕಲಾವಿದೆ. ಆಕೆಯ ಹೆಸರಿನಲ್ಲಿಯೂ ಊರೇ ಮೊದಲಿದೆ. ಹೆಸರಿನ ಕೊನೆಯ ಭಾಗವನ್ನು ಮನೆತನದ ಹೆಸರೆಂದು ಭಾವಿಸಿ ಅಕಾರಾದಿಯಾಗಿ ಜೋಡಿಸುವ ವಿದೇಶೀ ಪದ್ಧತಿಯ ನಮೂನೆಗಳು ಇಂಥ ಹೆಸರುಗಳಿಗೆ ಒಗ್ಗುವುದಿಲ್ಲ.

ಸ್ಥಳದ ವಿವರವೂ ಸ್ಥಿರವಲ್ಲ. ಕುಲಗೋಡ ಹಿಂದೆ ಗೋಕಾಕ ತಾಲ್ಲೂಕಿನಲ್ಲಿತ್ತು. ಮೂಡಲಗಿ ಪ್ರತ್ಯೇಕ ತಾಲ್ಲೂಕಾದ ಬಳಿಕ ಅದಕ್ಕೆ ಸೇರಿದೆ. ಬೆಳಗಾವಿ ಎಂಬ ರೂಪ 2014ರಲ್ಲಿ ರೋಮನ್ ಲಿಪಿಯಲ್ಲಿಯೂ ಅಧಿಕೃತವಾಯಿತು. ಆದ್ದರಿಂದ ಧ್ವನಿಮುದ್ರಣದ ಕಾಲದ ಆಡಳಿತ ವಿಭಾಗವನ್ನೂ ಇಂದಿನ ವಿಭಾಗವನ್ನೂ ಎರಡು ಪ್ರತ್ಯೇಕ ಅಂಶಗಳಾಗಿ ದಾಖಲಿಸುವುದು ಯುಕ್ತ.

ಪಾರಿಜಾತದ ಒಂದು ಪ್ರಯೋಗದ ಧ್ವನಿಮುದ್ರಣದಲ್ಲಿ ಪದಗಳ ಕರ್ತೃ, ಭಾಗವತ, ಪಾತ್ರಧಾರಿಗಳು, ಹಿಮ್ಮೇಳದವರು, ಹಾರ್ಮೋನಿಯಂ ಹಾಗೂ ತಬಲಾ ವಾದಕರು ಹೀಗೆ ಹಲವರ ಪಾಲಿದೆ. ‘ಕಲಾವಿದರು’ ಎಂಬ ಒಂದೇ ಸ್ಥಾನದಲ್ಲಿ ಮೇಳದ ಹೆಸರನ್ನು ಮಾತ್ರ ಬರೆದು ಮುಗಿಸಿದಾಗ, ಸತ್ಯಭಾಮೆಯ ಪದ ಹಾಡಿದವರು ಯಾರೆಂಬುದು ಮುಂದಿನ ತಲೆಮಾರಿಗೆ ತಿಳಿಯದೆ ಹೋಗುತ್ತದೆ.

(ಆ) ಆನಂದಕಂದ: ಗೋಕಾಕ ತಾಲ್ಲೂಕಿನ ಬೆಟಗೇರಿಯಲ್ಲಿ 1900ರಲ್ಲಿ ಜನಿಸಿದ ಬೆಟಗೇರಿ ಕೃಷ್ಣಶರ್ಮರು ಆನಂದಕಂದ ಎಂಬ ಕಾವ್ಯನಾಮದಿಂದ ಪ್ರಸಿದ್ಧರು. ‘ನಲ್ವಾಡುಗಳು’ ಸಂಕಲನದ ಅವರ ಕವಿತೆಗಳು ಉತ್ತರ ಕರ್ನಾಟಕದ ಆಡುನುಡಿಯನ್ನೂ ಜನಪದ ಧಾಟಿಯನ್ನೂ ಎಷ್ಟು ಚೆನ್ನಾಗಿ ಮೈಗೂಡಿಸಿಕೊಂಡಿವೆಯೆಂದರೆ, ಕೇಳುವವರು ಅವನ್ನು ಜನಪದ ಹಾಡುಗಳೆಂದೇ ಭಾವಿಸುವುದುಂಟು. ಕವಿಯ ಪಾಲಿಗೆ ಇದು ದೊಡ್ಡ ಮನ್ನಣೆ ನಿಜ. ಆದರೆ ಧ್ವನಿಮುದ್ರಣದ ದಾಖಲೆಯಲ್ಲಿ ಕವಿಯ ಹೆಸರಿನ ಜಾಗಕ್ಕೆ ‘ಜಾನಪದ’ ಎಂಬ ಮಾತು ಬಂದರೆ ಅದು ಕರ್ತೃತ್ವದ ಲೋಪವಾಗುತ್ತದೆ.

ಈ ಲೋಪಕ್ಕೆ ಕಾನೂನಿನ ಪರಿಣಾಮವೂ ಉಂಟು. 1957ರ ಕೃತಿಸ್ವಾಮ್ಯ ಅಧಿನಿಯಮದ ಪ್ರಕಾರ ಸಾಹಿತ್ಯಕೃತಿಯ ಹಕ್ಕು ಕರ್ತೃವಿನ ಜೀವಿತಕಾಲ ಹಾಗೂ ಮರಣದ ಮುಂದಿನ ವರ್ಷದ ಆರಂಭದಿಂದ 60 ವರ್ಷಗಳವರೆಗೆ ಇರುತ್ತದೆ. ಆನಂದಕಂದರು ನಿಧನರಾದದ್ದು 1982ರಲ್ಲಿ. ಆದ್ದರಿಂದ ಅವರ ಕವಿತೆಗಳ ಹಕ್ಕು 2042ರ ಕೊನೆಯವರೆಗೆ ಊರ್ಜಿತ. ‘ಜಾನಪದ’ ಎಂಬ ಒಂದು ಪದ ಆ ಕವಿತೆಗಳನ್ನು ಯಾರು ಬೇಕಾದರೂ ಬಳಸಬಹುದಾದ ಸಾರ್ವಜನಿಕ ಸ್ವತ್ತಿನಂತೆ ತೋರಿಸಿಬಿಡುತ್ತದೆ. ಕಾವ್ಯನಾಮ ಮತ್ತು ನಿಜನಾಮ ಎರಡನ್ನೂ ಜೋಡಿಸಿ ದಾಖಲಿಸದಿದ್ದರೆ ಹೆಸರಿದ್ದೂ ವ್ಯಕ್ತಿ ಸಿಗದ ಸ್ಥಿತಿ ಉಂಟಾಗುತ್ತದೆ.

(ಇ) ಚಂದ್ರಶೇಖರ ಕಂಬಾರ: ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಜನಿಸಿದ ಕಂಬಾರರು ಕವಿ, ನಾಟಕಕಾರ, ಜನಪದ ರಂಗಭೂಮಿಯ ಸಂಶೋಧಕ, ಸಂಗೀತ ಸಂಯೋಜಕ, ಚಿತ್ರನಿರ್ದೇಶಕ ಹೀಗೆ ಹಲವು ಪಾತ್ರಗಳನ್ನು ನಿರ್ವಹಿಸಿದವರು. ಅವರ ನಿರ್ದೇಶನದ ‘ಕಾಡು ಕುದುರೆ’ ಚಿತ್ರದ ಹಾಡಿಗಾಗಿ ಶಿವಮೊಗ್ಗ ಸುಬ್ಬಣ್ಣ ಅವರಿಗೆ 1978ನೆಯ ಸಾಲಿನ ಅತ್ಯುತ್ತಮ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿ ದೊರೆಯಿತು. ಪದ ಮತ್ತು ಸಂಗೀತ ಎರಡೂ ಕಂಬಾರರವು. ‘ಕಲಾವಿದರು’ ಎಂಬ ಒಂದೇ ಸ್ಥಾನವಿರುವ ಕಡತದಲ್ಲಿ ಗಾಯಕರ ಹೆಸರು ಬಂದರೆ ಕವಿ-ಸಂಯೋಜಕರ ಹೆಸರು ಇಲ್ಲವಾಗುತ್ತದೆ. ಅವರ ಹೆಸರು ಬಂದರೆ ಗಾಯಕರದು ಇಲ್ಲವಾಗುತ್ತದೆ. ಮತ್ತೂ ಒಂದು ಅಂಶವಿದೆ. ಪ್ರಶಸ್ತಿಯ ಸಾಲು 1978. ಚಿತ್ರದ ಬಿಡುಗಡೆಯ ವರ್ಷವನ್ನು 1979 ಎಂದು ಕೊಡಲಾಗುತ್ತದೆ. ಎರಡೂ ಬೇರೆ ಬೇರೆ ಘಟನೆಗಳ ವರ್ಷಗಳು. ‘ವರ್ಷ’ ಎಂದರೆ ಯಾವುದರ ವರ್ಷ ಎಂಬುದನ್ನು ಹೇಳದ ದಾಖಲೆ ಸಂಶೋಧನೆಗೆ ಉಪಯೋಗಕ್ಕೆ ಬಾರದು.

ಈ ಮೂರು ನಿದರ್ಶನಗಳಲ್ಲಿ ಕಂಬಾರರ ಹೆಸರನ್ನು ಅವರ ಕೀರ್ತಿಯೂ ಆನಂದಕಂದರ ಹೆಸರನ್ನು ಅಚ್ಚಾದ ಪುಸ್ತಕವೂ ತಮ್ಮಣ್ಣರ ಹೆಸರನ್ನು ವಿದ್ವಾಂಸರ ಶ್ರಮವೂ ಕಾಪಾಡಿವೆ. ಇಂಥ ಯಾವ ಆಸರೆಯೂ ಇಲ್ಲದೆ ಇಂದು ಡೊಳ್ಳಿನ ಪದ, ಭಜನೆ ಪದ ಕಟ್ಟುತ್ತಿರುವವರಿಗೆ ಧ್ವನಿಮುದ್ರಣದ ಜೊತೆಗಿರುವ ವಿವರವೊಂದೇ ಆಧಾರ.

6. ಕಾನೂನು ಮತ್ತು ಸಂಭಾವನೆ

ಕೃತಿಸ್ವಾಮ್ಯ ಅಧಿನಿಯಮದ 52ಎ ಕಲಮಿನ ಪ್ರಕಾರ ಪ್ರಕಟಿತ ಧ್ವನಿಮುದ್ರಿಕೆ ಮತ್ತು ಅದರ ಹೊದಿಕೆಯ ಮೇಲೆ ಮುದ್ರಿಕೆ ತಯಾರಿಸಿದವರ ಹೆಸರು-ವಿಳಾಸ, ಹಕ್ಕುದಾರರ ಹೆಸರು-ವಿಳಾಸ, ಮೊದಲ ಪ್ರಕಟಣೆಯ ವರ್ಷ ಈ ಮೂರು ಇರಬೇಕು. ಗೀತರಚನಕಾರರ ಮತ್ತು ಗಾಯಕರ ಹೆಸರುಗಳು ಈ ಕಡ್ಡಾಯ ಪಟ್ಟಿಯಲ್ಲಿಲ್ಲ. ಧ್ವನಿಮುದ್ರಣದ ‘ಕರ್ತೃ’ ಎಂದರೆ ಅದರ ನಿರ್ಮಾಪಕ ಎಂಬುದು ಅದೇ ಅಧಿನಿಯಮದ ವ್ಯಾಖ್ಯೆ. ಸಾಹಿತ್ಯದ ಪಾರಿಭಾಷಿಕ ಅರ್ಥಕ್ಕೂ ಕಾನೂನಿನ ಅರ್ಥಕ್ಕೂ ಇರುವ ಈ ಅಂತರವನ್ನು ಕನ್ನಡ ಅಧ್ಯಾಪಕರು ಗಮನಿಸಬೇಕು.

ಹಾಗೆಂದು ಕಾನೂನು ರಚನಕಾರರನ್ನು ಕೈಬಿಟ್ಟಿಲ್ಲ. 55ನೆಯ ಕಲಮಿನಂತೆ ಪ್ರಕಟಿತ ಪ್ರತಿಯ ಮೇಲೆ ಕರ್ತೃವೆಂದು ಯಾರ ಹೆಸರಿದೆಯೋ ಅವರೇ ಕರ್ತೃವೆಂದು, ವಿರುದ್ಧ ಸಾಕ್ಷ್ಯ ಬರುವವರೆಗೆ, ನ್ಯಾಯಾಲಯ ಭಾವಿಸುತ್ತದೆ. 57ನೆಯ ಕಲಮು ತನ್ನ ಕೃತಿ ತನ್ನದೆಂದು ಹೇಳಿಕೊಳ್ಳುವ ಹಕ್ಕನ್ನು ಕರ್ತೃವಿಗೆ ನೀಡಿದೆ. ಕೃತಿಯ ಹಕ್ಕನ್ನು ಮಾರಿದ ನಂತರವೂ ಅದು ಉಳಿಯುತ್ತದೆ. 1994ರ ತಿದ್ದುಪಡಿಯಿಂದ ಪ್ರದರ್ಶಕರ ಹಕ್ಕು ಮಾನ್ಯವಾಯಿತು. ಅದರ ಅವಧಿ ಈಗ 50 ವರ್ಷ. ಹೀಗಾಗಿ ಪದ ನಿಜವಾಗಿಯೂ ಅಜ್ಞಾತಕರ್ತೃಕವಾಗಿದ್ದರೂ ಅದನ್ನು ಹಾಡಿದ ವ್ಯಕ್ತಿ ಹಕ್ಕಿಲ್ಲದವನಲ್ಲ. 2012ರ ತಿದ್ದುಪಡಿ ಗೀತರಚನಕಾರ ಮತ್ತು ಸಂಯೋಜಕರಿಗೆ ಗೌರವಧನದಲ್ಲಿ ಸಮಪಾಲು ಪಡೆಯುವ ಹಕ್ಕನ್ನು ನೀಡಿ, ಆ ಹಕ್ಕನ್ನು ಧ್ವನಿಮುದ್ರಣ ಸಂಸ್ಥೆಗಳಿಗೆ ಬಿಟ್ಟುಕೊಡಲಾಗದಂತೆ ಮಾಡಿತು.

ಗೀತರಚನಕಾರರ ಹಾಗೂ ಸಂಯೋಜಕರ ಪಾಲನ್ನು ಸಂಗ್ರಹಿಸಿ ಹಂಚಲು 1969ರಲ್ಲಿ ಸ್ಥಾಪನೆಯಾದ ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ ಇದೆ. ಗಾಯಕರ ಹಕ್ಕುಗಳಿಗಾಗಿ 2013ರಲ್ಲಿ ಪ್ರತ್ಯೇಕ ಸಂಘ ಏರ್ಪಟ್ಟಿತು. ಆದರೆ ಸದಸ್ಯರಾಗಿ ಕೃತಿಗಳನ್ನು ದಾಖಲಿಸದವರಿಗೆ ಪಾಲು ತಲುಪುವುದು ಕಷ್ಟ. ದಾಖಲೆಯ ಕೊರತೆ ಎಷ್ಟು ದೊಡ್ಡ ಮೊತ್ತವನ್ನು ತಡೆಹಿಡಿಯಬಲ್ಲದು ಎಂಬುದಕ್ಕೆ ಅಮೆರಿಕೆಯ ಉದಾಹರಣೆ ನೋಡಬಹುದು. 2018ರ ಹೊಸ ಕಾನೂನಿನ ಅನ್ವಯ, ಹಕ್ಕುದಾರರನ್ನು ತಾಳೆಹಾಕಲಾಗದೆ ಉಳಿದಿದ್ದ ಗೌರವಧನವನ್ನು ಅಲ್ಲಿನ ಅಂತರಜಾಲ ಸಂಗೀತ ಸಂಸ್ಥೆಗಳು 2021ರ ಫೆಬ್ರವರಿಯಲ್ಲಿ ಒಂದು ಕೇಂದ್ರ ಸಂಸ್ಥೆಗೆ ಒಪ್ಪಿಸಿದವು. ಅದರ ಮೊತ್ತ ಸುಮಾರು 42.4 ಕೋಟಿ ಡಾಲರ್. ಹಾಡು ಕೇಳಿಬಂದಿತ್ತು, ಹಣವೂ ಸಂದಾಯವಾಗಿತ್ತು. ಯಾರಿಗೆ ಸಲ್ಲಬೇಕೆಂಬ ವಿವರ ಮಾತ್ರ ಇರಲಿಲ್ಲ.

7. ಕನ್ನಡ ವಿಭಾಗಗಳ ಹೊಣೆ

ಮೇಲಿನ ವಿವೇಚನೆಯ ಹಿನ್ನೆಲೆಯಲ್ಲಿ ನಮ್ಮ ಕ್ಷೇತ್ರಕಾರ್ಯದ ಕ್ರಮವನ್ನೇ ಪರಿಶೀಲಿಸಿಕೊಳ್ಳಬೇಕಾಗಿದೆ. ಹಾಡಿನ ಸಂಗ್ರಹಗಳಲ್ಲಿ ಸಂಗ್ರಾಹಕರ ಹೆಸರು ಮುಖಪುಟದಲ್ಲಿಯೂ ಹಾಡಿದವರ ಹೆಸರು ಅನುಬಂಧದಲ್ಲಿಯೂ ಬರುವುದು, ಕಟ್ಟಿದವರ ಹೆಸರು ಎಲ್ಲಿಯೂ ಬಾರದಿರುವುದು ಅಪರೂಪವಲ್ಲ. ಧ್ವನಿಮುದ್ರಿಸುವ ಸಂಶೋಧಕರು ಕನಿಷ್ಠ ಈ ಕೆಳಗಿನ ವಿವರಗಳನ್ನು ಸ್ಥಳದಲ್ಲಿಯೇ ಬರೆದುಕೊಳ್ಳುವುದು ಅವಶ್ಯ:

1. ಹಾಡಿನ ಹೆಸರು ಮತ್ತು ಮೊದಲ ಸಾಲು: ಕನ್ನಡ ಲಿಪಿಯಲ್ಲಿ, ಜೊತೆಗೆ ಒಂದೇ ನಿಯಮಕ್ಕೆ ಬದ್ಧವಾದ ರೋಮನ್ ರೂಪದಲ್ಲಿ.
2. ಪದ ಕಟ್ಟಿದವರು: ಊರು, ನಿಜನಾಮ, ಕಾವ್ಯನಾಮ ಅಥವಾ ಅಂಕಿತ ಸಹಿತ.
3. ಧಾಟಿ: ಹೊಸದೋ, ಪರಂಪರೆಯದೋ, ಬೇರೊಂದು ಹಾಡಿನದೋ.
4. ಪರಿಷ್ಕರಿಸಿದವರು ಮತ್ತು ಕಲಿಸಿದ ಗುರು.
5. ಹಾಡಿದವರು ಹಾಗೂ ಹಿಮ್ಮೇಳದ ಪ್ರತಿಯೊಬ್ಬರು, ಅವರವರ ವಾದ್ಯ ಸಹಿತ.
6. ಧ್ವನಿಮುದ್ರಣದ ದಿನ, ಸ್ಥಳ, ಸಂದರ್ಭ, ಮುದ್ರಿಸಿದವರು.
7. ಅಂದಿನ ಮತ್ತು ಇಂದಿನ ತಾಲ್ಲೂಕು, ಜಿಲ್ಲೆ.
8. ಯಾವ ಬಳಕೆಗೆ ಯಾರು ಒಪ್ಪಿಗೆ ನೀಡಿದ್ದಾರೆ ಎಂಬ ವಿವರ.
9. ಕೃತಿ ಹಾಗೂ ಧ್ವನಿಮುದ್ರಣಗಳ ಸಂಖ್ಯೆಗಳು ದೊರೆತಿದ್ದರೆ ಅವು.

ಇದರಲ್ಲಿ ಎರಡನೆಯ ಅಂಶವನ್ನು ತುಂಬುವಾಗ ಮೂರು ಸಂಗತಿಗಳನ್ನು ಪ್ರತ್ಯೇಕಿಸಬೇಕು. ವಿಚಾರಿಸಿಯೂ ಕರ್ತೃ ತಿಳಿಯದಿದ್ದರೆ ‘ತಿಳಿದುಬಂದಿಲ್ಲ’ ಎಂದು ಬರೆಯಬೇಕು. ವಿಚಾರಿಸಲು ಅವಕಾಶವಾಗದಿದ್ದರೆ ‘ವಿಚಾರಿಸಿಲ್ಲ’ ಎಂದು ಬರೆಯಬೇಕು. ಹಲವು ತಲೆಮಾರುಗಳಿಂದ ಬಂದದ್ದೆಂದು ಹಾಡುವವರು ಹೇಳಿದರೆ ‘ಪಾರಂಪರಿಕ’ ಎಂದು, ಹಾಗೆ ಹೇಳಿದವರ ಹೆಸರಿನೊಂದಿಗೆ ಬರೆಯಬೇಕು. ಈ ಮೂರಕ್ಕೂ ಬದಲಾಗಿ ‘ಜಾನಪದ’ ಎಂದು ಬರೆಯುವುದರಿಂದ ಮುಂದಿನ ಸಂಶೋಧಕನ ದಾರಿ ಮುಚ್ಚುತ್ತದೆ. ‘ತಿಳಿದುಬಂದಿಲ್ಲ’ ಎಂಬ ಮಾತು ಆ ದಾರಿಯನ್ನು ತೆರೆದಿಡುತ್ತದೆ. ಅದರಂತೆಯೇ ಹಾಡನ್ನು ಪೂರ್ತಿಯಾಗಿ, ಕೊನೆಯ ನುಡಿಯ ಸಮೇತ ಮುದ್ರಿಸಿಕೊಳ್ಳಬೇಕು. ಬೇಸರವೆನಿಸಿದರೂ ಆ ನುಡಿಯಲ್ಲಿರುವ ಊರು, ಗುರು, ಕವಿಯ ಹೆಸರುಗಳೇ ಮುಂದೆ ಸಾಕ್ಷ್ಯವಾಗುತ್ತವೆ.

8. ಉಪಸಂಹಾರ

ಒಟ್ಟಿನಲ್ಲಿ, ಮೆಟಾಡೇಟಾ ಎಂಬುದು ಅಂಕಿತದ ಕೆಲಸವನ್ನು ಬೇರೊಂದು ಸ್ಥಾನದಲ್ಲಿ ಮುಂದುವರಿಸುತ್ತದೆ. ಅಂಕಿತವನ್ನು ಕವಿ ತಾನೇ ಹಾಡಿನೊಳಗೆ ನೆಯ್ಯುತ್ತಿದ್ದ. ಮೆಟಾಡೇಟಾವನ್ನು ಬಹುತೇಕ ಸಂದರ್ಭಗಳಲ್ಲಿ ಬೇರೆಯವರು ತುಂಬುತ್ತಾರೆ. ಹೀಗೆ ತುಂಬುವವರಲ್ಲಿ ನಮ್ಮ ವಿಭಾಗಗಳ ಅಧ್ಯಾಪಕರೂ ಸಂಶೋಧನ ವಿದ್ಯಾರ್ಥಿಗಳೂ ಇದ್ದಾರೆ. ಘಟಪ್ರಭೆಯ ದಂಡೆಯ ಊರುಗಳಲ್ಲಿ ತಮ್ಮ ಗುರುವಿನ ಪದ ಯಾವುದು, ಪಕ್ಕದ ಊರಿನವರ ಪದ ಯಾವುದು ಎಂದು ಬಿಡಿಸಿ ಹೇಳಬಲ್ಲ ಹಿರಿಯ ಹಾಡುಗಾರರು ಇನ್ನೂ ಇದ್ದಾರೆ. ಆ ತಿಳಿವಳಿಕೆ ಬಹುಪಾಲು ಅವರ ನೆನಪಿನಲ್ಲಿ ಮಾತ್ರ ಉಳಿದಿದೆ. ಅವರ ಹಾಡುಗಳನ್ನು ಮುದ್ರಿಸಿಕೊಂಡು ಹೆಸರುಗಳನ್ನು ಕೇಳದೆ ಬಂದರೆ ಸಂಗ್ರಹದ ಅರ್ಧ ಕೆಲಸ ಮಾತ್ರ ನಡೆದಂತಾಗುತ್ತದೆ. ಉಳಿದ ಅರ್ಧವನ್ನು ಪೂರೈಸುವುದು ವಿದ್ವತ್ತಿನ ಶಿಸ್ತೂ ಹೌದು, ಆ ರಚನಕಾರರ ನ್ಯಾಯವಾದ ಋಣವೂ ಹೌದು.